ಕಂಪ್ಯೂಟರ್ ಕೈಯಾರೆ ಜೋಡಿಸುವಾಗ: ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಚ್ಚಬೇಕು

ಸ್ವಂತ ಕಂಪ್ಯೂಟರ್ ಜೋಡಿಸಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಪ್ರೊಸೆಸರ್ ಇಂಟೆಲ್ ಕಂಪನಿಯದು ಒಳ್ಳೆಯದೋ, ಎಎಂಡಿಯದು ಒಳ್ಳೆಯದೋ? ಇದಕ್ಕೆ ನಾನು ನೇರ ಉತ್ತರ ಕೊಡುವುದಿಲ್ಲ. ‘ಎದುರಿಗಿಡುವ ಮಾನಿಟರ್ ಯಾವುದು?’ ಎಂದು ತಿರುಗಿ ಕೇಳುತ್ತೇನೆ. ಬಹುತೇಕರು ಅದನ್ನು ಯೋಚಿಸಿಯೇ ಇರುವುದಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಹಳೆಯ ಮಾನಿಟರನ್ನೇ ಅದಕ್ಕೆ ಜೋಡಿಸಿ ಕೂರುತ್ತಾರೆ.

ಲೆಕ್ಕ ನೋಡಿ. 1920×1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 2560×1440 ಆದರೆ 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಆಟವಾಡುವಾಗ ಈ ಪಿಕ್ಸೆಲ್‌ಗಳಿಗೆ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಯಾವ ಪಾತ್ರ ಎಲ್ಲಿದೆ, ಗುಂಡು ಯಾರಿಗೆ ತಗುಲಿತು ಎಂದು ಪ್ರತಿ ಚೌಕಟ್ಟಿಗೂ (ಫ್ರೇಮಿಗೂ) ಲೆಕ್ಕ ಹಾಕುವ ಕೆಲಸ ಪ್ರೊಸೆಸರಿನದು. ಪಿಕ್ಸೆಲ್ ಹೆಚ್ಚಾದರೂ ಪ್ರೊಸೆಸರಿನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ 4ಕೆ ಪರದೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿರುವಾಗ ನಡುತರದ ಪ್ರೊಸೆಸರಿಗೂ ದುಬಾರಿ ಪ್ರೊಸೆಸರಿಗೂ ಅಂತರ ಕಾಣಿಸುವುದೇ ಕಷ್ಟ. ಅದೇ 1080ರ ಪರದೆಯನ್ನು 240 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 240 ಚೌಕಟ್ಟಿನಂತೆ, ಓಡಿಸಬೇಕೆಂದರೆ ಪ್ರೊಸೆಸರ್ ಸೋಲುತ್ತದೆ, ಗ್ರಾಫಿಕ್ಸ್ ಕಾರ್ಡ್ ಕಾಯುತ್ತಾ ಕೂರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಪರದೆ ಗೊತ್ತಿಲ್ಲದೆ ಇವೆರಡರ ಜೋಡಿ ಕೂಡಿಸುವುದು ಸಾಧ್ಯವಿಲ್ಲ.

ಇನ್ನೊಂದು ಅಳತೆಗೋಲು ನನ್ನದೇ. ಯಾವ ಭಾಗವನ್ನು ಆರಿಸುವಾಗಲೂ ‘ನಾಳೆ ಇದನ್ನು ಬದಲಿಸುವುದು ಎಷ್ಟು ಕಷ್ಟ?’ ಎಂದು ಕೇಳಿಕೊಳ್ಳುತ್ತೇನೆ. ರ‍್ಯಾಮ್ ಬದಲಿಸಲು ಎರಡು ಕ್ಲಿಪ್ಪು ಒತ್ತಿದರೆ ಸಾಕು. ಕಡತಗಳನ್ನು ಇಡುವ ಎಸ್‌ಎಸ್‌ಡಿಗೆ ಒಂದು ಸ್ಕ್ರೂ. ಗ್ರಾಫಿಕ್ಸ್ ಕಾರ್ಡಿಗೆ ಒಂದೆರಡು ಸ್ಕ್ರೂ, ಒಂದು ಕೊಂಡಿ, ಒಂದು ಕೇಬಲ್. ಪವರ್ ಸಪ್ಲೈ ಬದಲಿಸಬೇಕಾದರೆ ಅಂದವಾಗಿ ಕಟ್ಟಿಟ್ಟ ಕೇಬಲ್‌ಗಳನ್ನೆಲ್ಲ ಬಿಚ್ಚಬೇಕು. ಎಲ್ಲ ಭಾಗಗಳನ್ನೂ ಬೆಸೆಯುವ ಮದರ್‌ಬೋರ್ಡ್ ಬದಲಿಸುವುದೆಂದರೆ ಕಂಪ್ಯೂಟರನ್ನು ಮತ್ತೊಮ್ಮೆ ಜೋಡಿಸಿದಂತೆಯೇ. ಬದಲಿಸಲು ಸುಲಭವಾದುದರಲ್ಲಿ ಇಂದು ಕೈ ಬಿಗಿ ಹಿಡಿಯಬಹುದು, ಕಷ್ಟವಾದುದರಲ್ಲಿ ಹಿಡಿಯಬಾರದು. ಮುಂದಿನ ಹೋಲಿಕೆಗಳನ್ನೆಲ್ಲ ಇದೇ ಕೋಲಿನಿಂದ ಅಳೆದಿದ್ದೇನೆ.

ಇಂಟೆಲ್ ಅಥವಾ ಎಎಂಡಿ

ವೇಗದ ಪಟ್ಟಿಗಳನ್ನು ಪಕ್ಕಕ್ಕಿಟ್ಟು ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನೋಡಿ. ಎಎಂಡಿಯ ಎಎಂ4 ಸಾಕೆಟ್‌ಗೆ 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಬಂತು. ಅದೇ ಸಾಕೆಟ್‌ಗೆ 2022ರಲ್ಲಿ 5800ಎಕ್ಸ್3ಡಿ ಬಂತು. ಆರಂಭದ ಬೋರ್ಡ್‌ಗಳನ್ನು ಕೊಂಡಿದ್ದ ಅನೇಕರು ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ನವೀಕರಿಸಿ, ಬೋರ್ಡು ಮುಟ್ಟದೆ ಪ್ರೊಸೆಸರನ್ನಷ್ಟೇ ಬದಲಿಸಿಕೊಂಡರು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 2021ರಿಂದ 2023ರವರೆಗೆ 12, 13 ಮತ್ತು 14ನೆಯ ತಲೆಮಾರುಗಳನ್ನು ಕಂಡು ಮುಗಿಯಿತು. 2024ರ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್ ಬೇಕಾಯಿತು. 2022ರಲ್ಲಿ ಬಂದ ಎಎಂ5 ಈಗಾಗಲೇ ರೈಜೆನ್ 7000, 8000 ಮತ್ತು 9000 ಸರಣಿಗಳನ್ನು ಹೊತ್ತಿದೆ. 2027ರವರೆಗೂ ಅದರಾಚೆಗೂ ಬೆಂಬಲ ನೀಡುವುದಾಗಿ ಕಂಪನಿ ಹೇಳಿದೆ. ಬದಲಿಸಲು ಅತ್ಯಂತ ಕಷ್ಟವಾದ ಭಾಗ ಮದರ್‌ಬೋರ್ಡ್ ಆದುದರಿಂದ, ಹೊಸದಾಗಿ ಜೋಡಿಸುವವರಿಗೆ ನನ್ನ ಮೊದಲ ಸಲಹೆ ಎಎಂ5.

ಹಾಗೆಂದು ಇಂಟೆಲ್ ಬೇಡವೇ ಬೇಡ ಎಂದಲ್ಲ. ವಿಡಿಯೊ ಸಂಕಲನ ಮಾಡುವವರು, ಅದರಲ್ಲೂ ಕ್ಯಾಮೆರಾದಿಂದ 10 ಬಿಟ್ 4:2:2 ರೂಪದ (ಬಣ್ಣದ ವಿವರ ಹೆಚ್ಚಿರುವ) ಎಚ್‌ಇವಿಸಿ ವಿಡಿಯೊ ತರುವವರು, ಇಂಟೆಲ್ ಪ್ರೊಸೆಸರ್ ಒಳಗಿನ ಕ್ವಿಕ್ ಸಿಂಕ್ ಎಂಬ ಯಂತ್ರವನ್ನು ಮರೆಯಬಾರದು. ಈ ರೂಪವನ್ನು ಅದು ವರ್ಷಗಳ ಹಿಂದೆಯೇ ಸರಾಗವಾಗಿ ಬಿಡಿಸುತ್ತಿತ್ತು. ಎನ್ವಿಡಿಯಾದ ಕಾರ್ಡ್‌ಗಳಿಗೆ ಆ ಶಕ್ತಿ ಬಂದದ್ದು 50ನೆಯ ಸರಣಿಯಲ್ಲಿ.

ಬಳಸಿದ ಪ್ರೊಸೆಸರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಕ್ರಮೇಣ ಸವೆಯುತ್ತಿದ್ದುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಯಾಸ್ ನವೀಕರಣ ಮುಂದಿನ ಸವೆತವನ್ನು ತಡೆಯುತ್ತದೆ, ಆಗಿಹೋದುದನ್ನು ಸರಿಪಡಿಸುವುದಿಲ್ಲ. ಹಳೆಯ ಒಡೆಯ ಬಯಾಸ್ ಮುಟ್ಟದೆ ಎರಡು ವರ್ಷ ಓಡಿಸಿದ್ದರೆ ಅಂಥದ್ದನ್ನು ಬಿಟ್ಟುಬಿಡಿ.

ಪ್ರೊಸೆಸರ್ ಮಾದರಿಯ ಹೆಸರಿನ ಕೊನೆಯಲ್ಲಿರುವ ಅಕ್ಷರವನ್ನು ಓದದೆ ಕೊಂಡು ಪರದಾಡಿದವರನ್ನು ಕಂಡಿದ್ದೇನೆ. ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ನನ್ನ ಗೆಳೆಯನೊಬ್ಬ ಎಫ್ ಪ್ರೊಸೆಸರ್ ಹಾಕಿ, ಎಲ್ಲವನ್ನೂ ಜೋಡಿಸಿ, ಮಾನಿಟರಿನ ಕೇಬಲನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿಗೆ ಚುಚ್ಚಿ, ಕಪ್ಪು ಪರದೆಯನ್ನು ನೋಡುತ್ತಾ ಅರ್ಧ ರಾತ್ರಿ ಕಳೆದ. ಕೇಬಲನ್ನು ನಾಲ್ಕು ಬೆರಳು ಕೆಳಗೆ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದ ಮೇಲೆ ಚಿತ್ರ ಬಂತು. ಎಫ್ ಇಲ್ಲದ ಮಾದರಿ ತುಸು ದುಬಾರಿಯಾದರೂ ನಾನು ಅದನ್ನೇ ಆರಿಸುತ್ತೇನೆ. ಗ್ರಾಫಿಕ್ಸ್ ಕಾರ್ಡ್ ದುರಸ್ತಿಗೆ ಹೋದ ವಾರಗಳಲ್ಲಿ ಕಂಪ್ಯೂಟರ್ ಕುರುಡಾಗಿ ಕೂರಬಾರದಲ್ಲ.

ಎಎಂಡಿಯಲ್ಲಿ ಜಿ ಎಂದರೆ ಒಳಗಿನ ಗ್ರಾಫಿಕ್ಸ್ ದೊಡ್ಡದು. ಪ್ರತ್ಯೇಕ ಕಾರ್ಡ್ ಕೊಳ್ಳದವರಿಗೆ ಅದು ಒಳ್ಳೆಯದು. ಎಕ್ಸ್3ಡಿ ಎಂದರೆ ಪ್ರೊಸೆಸರಿನ ಮೇಲೆಯೋ ಕೆಳಗೆಯೋ ಹೆಚ್ಚುವರಿ ಕ್ಯಾಶ್ ಮೆಮೊರಿಯನ್ನು (ಪ್ರೊಸೆಸರಿಗೆ ತೀರಾ ಹತ್ತಿರದ, ವೇಗದ ಮೆಮೊರಿ) ಹೊಂದಿಸಿದ ಮಾದರಿ. ಎಂಟು ಕೋರಿನ (ಕೋರ್ ಎಂದರೆ ಲೆಕ್ಕ ಹಾಕುವ ಘಟಕ) 7700ಎಕ್ಸ್‌ನಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ, ಅಷ್ಟೇ ಕೋರಿನ 7800ಎಕ್ಸ್3ಡಿಯಲ್ಲಿ 96 ಎಂಬಿ ಇದೆ. ಆಟಗಳಿಗೆ ಇದು ವರದಾನ. ಕೋಡ್ ಬರೆಯುವ, ವಿಡಿಯೊ ಕತ್ತರಿಸುವ ಕೆಲಸವೇ ಮುಖ್ಯವಾದರೆ ಅದೇ ಹಣಕ್ಕೆ ಹೆಚ್ಚು ಕೋರ್ ಸಿಗುವುದನ್ನು ಆರಿಸಿ.

ಮದರ್‌ಬೋರ್ಡ್

ನಡುತರದ ಪ್ರೊಸೆಸರಿಗೆ ಮೇಲ್ದರ್ಜೆಯ ಬೋರ್ಡ್ ಹಾಕುವುದಕ್ಕೆ ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಎಎಂ5ರಲ್ಲಿ ಎಕ್ಸ್870 ಮತ್ತು ಬಿ850 ಚಿಪ್‌ಸೆಟ್‌ಗಳ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್ಪು) ನಡುವೆ ಆರಿಸುವಾಗ ಬಹುತೇಕರಿಗೆ ಬಿ ಸರಣಿ ಧಾರಾಳವಾಗಿ ಸಾಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲೇಬೇಕೆಂಬ (ನಿಗದಿತ ವೇಗ ಮೀರಿ ಓಡಿಸಲೇಬೇಕೆಂಬ) ಹಟವಿದ್ದರೆ ಮಾತ್ರ ಜೆಡ್ ಚಿಪ್‌ಸೆಟ್ ಬೇಕು, ಬಿಯಲ್ಲಿ ಅದು ಆಗದು.

ಬೋರ್ಡಿನ ಬಣ್ಣ ಬಿಟ್ಟು ಫೋಟೊಗಳಲ್ಲಿ ಇವನ್ನು ನೋಡಿ: ಹಿಂಬದಿಯಲ್ಲಿ ಎಷ್ಟು ಯುಎಸ್‌ಬಿ ಕಿಂಡಿಗಳಿವೆ? ಎಸ್‌ಎಸ್‌ಡಿಗೆ ಎಷ್ಟು ಎಂ.2 ಜಾಗಗಳಿವೆ? ಸಾಕೆಟ್ ಪಕ್ಕದ ವಿದ್ಯುತ್ ಭಾಗದ ಮೇಲೆ ಲೋಹದ ಹೊದಿಕೆ ಇದೆಯೇ? ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಗುಂಡಿ ಇದೆಯೇ? ಈ ಕೊನೆಯದು ಸಣ್ಣ ಸಂಗತಿ ಎನಿಸಬಹುದು. ಬೋರ್ಡ್ ಗೋದಾಮಿನಲ್ಲಿ ಕೂತಿದ್ದಾಗ ಹೊಸ ಪ್ರೊಸೆಸರ್ ಬಂದಿದ್ದರೆ ಬೋರ್ಡಿಗೆ ಅದರ ಗುರುತೇ ಸಿಗುವುದಿಲ್ಲ. ಆ ಗುಂಡಿ ಇಲ್ಲದಿದ್ದರೆ ಬಯಾಸ್ ನವೀಕರಿಸುವುದಕ್ಕಾಗಿಯೇ ಹಳೆಯ ಪ್ರೊಸೆಸರ್ ಸಾಲ ಕೇಳುತ್ತಾ ಅಲೆಯಬೇಕಾಗುತ್ತದೆ.

ಅಳತೆಯ ವಿಷಯಕ್ಕೆ ಬಂದರೆ ಎಟಿಎಕ್ಸ್ 305×244 ಮಿ.ಮೀ., ಮೈಕ್ರೊ ಎಟಿಎಕ್ಸ್ ಹೆಚ್ಚೆಂದರೆ 244×244, ಮಿನಿ ಐಟಿಎಕ್ಸ್ 170×170. ಮೊದಲ ಬಾರಿ ಜೋಡಿಸುವವರು ಮಿನಿಯ ಮೋಹಕ್ಕೆ ಬೀಳಬೇಡಿ, ಬೆರಳು ತೂರುವುದಿಲ್ಲ.

ರ‍್ಯಾಮ್: ಒಂದೋ, ಎರಡೋ, ನಾಲ್ಕೋ

ಇಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ, ಎರಡು. 32 ಜಿಬಿ ಬೇಕಾದರೆ 16ರ ಎರಡು. ಒಂದೇ ಹಾಕಿದರೆ ಮೆಮೊರಿಯ ಎರಡು ದಾರಿಗಳಲ್ಲಿ ಒಂದು ಮುಚ್ಚಿದಂತೆ. ನಾಲ್ಕು ಹಾಕಿದರೆ ಡಿಡಿಆರ್ 5 ಎಂಬ ಈಗಿನ ಬಗೆಯಲ್ಲಿ ವೇಗ ಕುಸಿಯುತ್ತದೆ: ರೈಜೆನ್ 7000 ಸರಣಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ತುಂಡಿಗೆ 5200, ನಾಲ್ಕು ತುಂಡಿಗೆ 3600. ‘ಈಗ ಎರಡು ಹಾಕುತ್ತೇನೆ, ಮುಂದೆ ಇನ್ನೆರಡು ಸೇರಿಸುತ್ತೇನೆ’ ಎಂಬ ಹಳೆಯ ಲೆಕ್ಕ ಡಿಡಿಆರ್ 4ರ ಕಾಲಕ್ಕೆ ಸರಿಯಿತ್ತು. ಈಗ ಹೆಚ್ಚು ಬೇಕಾದರೆ ಹಳೆಯ ಜೋಡಿಯನ್ನು ಮಾರಿ ದೊಡ್ಡ ಜೋಡಿ ತರುವುದೇ ಜಾಣತನ.

ವೇಗದ ಸಂಖ್ಯೆ ಒಂದೇ ನೋಡಿ ಮೋಸಹೋಗಬೇಡಿ. ಪಕ್ಕದಲ್ಲಿ ಸಿಎಲ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಸಮಯ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 6000 ವೇಗದ ಸಿಎಲ್30ಕ್ಕೆ ಸರಿಯಾಗಿ 10. ಅದೇ ವೇಗದ ಸಿಎಲ್36ಕ್ಕೆ 12. 5200ರ ಸಿಎಲ್40ಕ್ಕೆ 15ಕ್ಕೂ ಹೆಚ್ಚು. ಎಎಂ5ಗೆ 6000ದ ಸಿಎಲ್30 ಅಥವಾ ಅದರ ಆಸುಪಾಸಿನದು ಹಣಕ್ಕೆ ತಕ್ಕ ಆಯ್ಕೆ.

ಜೋಡಿಸುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ. ಬಯಾಸ್‌ಗೆ ಹೋಗಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ (ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ 6000 ಎಂದು ಕೊಂಡ ರ‍್ಯಾಮ್ 4800ರಂಥ ಕೆಳಗಿನ ವೇಗದಲ್ಲೇ ತೆವಳುತ್ತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಮಾತು: ಎಎಂ5 ಬೋರ್ಡ್ ಮೊದಲ ಬಾರಿ ಆನ್ ಆದಾಗ ಮೆಮೊರಿಯನ್ನು ಪಳಗಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ, ಬೋರ್ಡಿನ ಮೂಲೆಯಲ್ಲಿ ಪುಟ್ಟ ದೀಪವೊಂದು ಉರಿಯುತ್ತದೆ, ಪರದೆ ಮಾತ್ರ ಕಪ್ಪು. ನನ್ನದು ಹೀಗಾದಾಗ ಎರಡನೆಯ ನಿಮಿಷಕ್ಕೇ ಎದೆ ಹೊಡೆದುಕೊಂಡು ಗುಂಡಿ ಒತ್ತಿ ಆರಿಸಿದೆ. ಮತ್ತೆ ಹಾಕಿದೆ, ಮತ್ತೆ ಕಪ್ಪು, ಮತ್ತೆ ಆರಿಸಿದೆ. ಮೂರನೆಯ ಬಾರಿ ಬೇಸತ್ತು ಎದ್ದುಹೋದೆ. ಮುಖ ತೊಳೆದು ಬರುವಷ್ಟರಲ್ಲಿ ಬಯಾಸ್ ಪರದೆ ನನಗಾಗಿ ಕಾಯುತ್ತಿತ್ತು.

ಎಸ್‌ಎಸ್‌ಡಿ

ಇದನ್ನು ಬೇಗ ಮುಗಿಸೋಣ. ಸಾಟಾ ಎಂಬ ಹಳೆಯ ಬಗೆಯ ಕೊಂಡಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎಂ.2 ಜಾಗದಲ್ಲಿ ಕೂರುವ ಎನ್‌ವಿಎಂಇ ಮಾದರಿಗಳಲ್ಲಿ ಮೂರನೆಯ ಪೀಳಿಗೆಯದು 3,500, ನಾಲ್ಕನೆಯದು 7,000, ಐದನೆಯದು 14,000ದ ಆಸುಪಾಸು. ಸಂಖ್ಯೆ ದುಪ್ಪಟ್ಟಾದಂತೆ ಅನುಭವ ದುಪ್ಪಟ್ಟಾಗುವುದಿಲ್ಲ. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬೆರಗು ನಾಲ್ಕರಿಂದ ಐದಕ್ಕೆ ಹೋದಾಗ ಆಗದು. ಬಿಸಿ ಮಾತ್ರ ಹೆಚ್ಚು. ನಾಲ್ಕನೆಯ ಪೀಳಿಗೆಯ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಮಾದರಿ ಕೊಳ್ಳಿ. ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಕಡತಗಳನ್ನು ಒಟ್ಟಿಗೆ ಬರೆಯುವಾಗ ಅದರ ವೇಗ ಒಮ್ಮೆಗೇ ನೆಲಕಚ್ಚುತ್ತದೆ. ಹಾಡು, ಫೋಟೊ ತುಂಬಿಡುವ ಎರಡನೆಯ ಡ್ರೈವಿಗೆ ಅಡ್ಡಿಯಿಲ್ಲ.

ಗ್ರಾಫಿಕ್ಸ್ ಕಾರ್ಡ್

ಮೊದಲು ಬೇಕೋ ಬೇಡವೋ ನೋಡಿ. ಬರವಣಿಗೆ, ಲೆಕ್ಕಪತ್ರ, ಕೋಡಿಂಗ್, ಸಿನಿಮಾ ನೋಡುವುದು ಇಷ್ಟೇ ಆದರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಸಾಕು. ಈ ಭಾಗವನ್ನು ಓದದೆ ಮುಂದಕ್ಕೆ ಹೋಗಬಹುದು.

ಬೇಕೆನ್ನುವವರು ಕಾರ್ಡಿನ ಹೆಸರಿಗಿಂತ ಮುಂಚೆ ಅದರ ಮೆಮೊರಿ ನೋಡಬೇಕು. ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎರಡೂ ಇವೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯದೂ ಅದೇ ಕಥೆ. ಚಿಪ್ಪು ಒಂದೇ, ಮೆಮೊರಿ ಬೇರೆ. ಆಟದ ಚಿತ್ರಗಳು 8 ಜಿಬಿ ತುಂಬಿ ಹೊರಚೆಲ್ಲಿದರೆ ಕಾರ್ಡ್ ಮದರ್‌ಬೋರ್ಡ್ ದಾಟಿ ರ‍್ಯಾಮ್‌ಗೆ ಹೋಗಿ ತರಬೇಕು. ಆಗ ಸರಾಸರಿ ವೇಗದ ಸಂಖ್ಯೆ ಚೆನ್ನಾಗಿಯೇ ಕಾಣಬಹುದು, ಆದರೆ ತಿರುವಿನಲ್ಲಿ ಕಾರು ಒಂದು ಕ್ಷಣ ತಡವರಿಸುತ್ತದೆ, ಗೋಡೆಯ ಮೇಲಿನ ಚಿತ್ರ ಮಸುಕಾಗಿ ಉಳಿಯುತ್ತದೆ. ಸುಲಭವಾಗಿ ಬದಲಿಸಬಹುದಾದ ಬೇರೆ ಭಾಗಗಳಲ್ಲಿ ‘ಆಮೇಲೆ ಹೆಚ್ಚಿಸಿಕೊಳ್ಳೋಣ’ ಎನ್ನಬಹುದು. ಕಾರ್ಡಿನ ಮೆಮೊರಿಯನ್ನು ಬೆಸುಗೆ ಹಾಕಿರುತ್ತಾರೆ, ಹೆಚ್ಚಿಸಲಾಗದು. 1080ರ ಹಗುರ ಆಟಗಳಿಗಷ್ಟೇ 8 ಜಿಬಿ, ಮೂರ್ನಾಲ್ಕು ವರ್ಷ ಬಾಳಬೇಕೆಂದರೆ 12 ಅಥವಾ 16.

ಎನ್ವಿಡಿಯಾ ಮತ್ತು ಎಎಂಡಿ ನಡುವೆ ಆರಿಸುವುದು ನಿಮ್ಮ ಕೆಲಸದ ಮೇಲೆ ನಿಂತಿದೆ. ಬ್ಲೆಂಡರ್‌ನಲ್ಲಿ ಮೂರು ಆಯಾಮದ ಚಿತ್ರ ಮಾಡುವವರು, ಯಂತ್ರಕಲಿಕೆಯ ಪ್ರಯೋಗ ಮಾಡುವವರು ಎರಡನೆಯ ಯೋಚನೆ ಇಲ್ಲದೆ ಎನ್ವಿಡಿಯಾ ತೆಗೆದುಕೊಳ್ಳಿ. ಆ ತಂತ್ರಾಂಶಗಳಲ್ಲಿ ಬಹಳಷ್ಟು ಬೆಳೆದದ್ದೇ ಅದರ ಕುಡಾ ವೇದಿಕೆಯ ಮೇಲೆ. ಬರೀ ಆಟ ಆಡುವವರು ಅಷ್ಟೇ ಹಣಕ್ಕೆ ಯಾವುದು ಹೆಚ್ಚು ಮೆಮೊರಿ, ಹೆಚ್ಚು ಚೌಕಟ್ಟು ಕೊಡುತ್ತದೋ ಅದನ್ನು ತನ್ನಿ. ಲಿನಕ್ಸ್ ಬಳಸುವವರಿಗೆ ಎಎಂಡಿ ಸಲೀಸು, ಅದರ ಚಾಲಕ ತಂತ್ರಾಂಶ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇದೆ. ಇಂಟೆಲ್‌ನ ಆರ್ಕ್ ಬಿ580 12 ಜಿಬಿ ಮೆಮೊರಿಯೊಂದಿಗೆ 2024ರ ಕೊನೆಗೆ ಬಂದು ಅಗ್ಗದ ಕಾರ್ಡ್‌ಗಳ ನಡುವೆ ಒಳ್ಳೆಯ ಜಾಗ ಹಿಡಿಯಿತು. ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ತಲುಪುವ) ಸೌಲಭ್ಯವಿಲ್ಲದ ಹಳೆಯ ಬೋರ್ಡಿನಲ್ಲಿ ಅದು ಸೊರಗುತ್ತದೆ, ಹಳೆಯ ಪ್ರೊಸೆಸರ್ ಜೊತೆಗೂ ಏಗುವುದಿಲ್ಲ.

ಕೊಳ್ಳುವ ಮುನ್ನ ಕ್ಯಾಬಿನೆಟ್ ಒಳಗೆ ಟೇಪು ಹಿಡಿದು ಅಳೆಯಿರಿ. ಈಗಿನ ಕಾರ್ಡ್‌ಗಳಲ್ಲಿ 300 ಮಿ.ಮೀ. ದಾಟುವವು ಅನೇಕ. ಮುಂಭಾಗದ ಫ್ಯಾನಿನ ದಪ್ಪವನ್ನು ಕಳೆಯಲು ಮರೆಯಬೇಡಿ.

ಪವರ್ ಸಪ್ಲೈ: ಯಾರೂ ಹೆಮ್ಮೆಯಿಂದ ತೋರಿಸದ ಭಾಗ

ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆ ಎಸ್‌ಎಂಪಿಎಸ್‌ಗೆ, ಅಂದರೆ ಪವರ್ ಸಪ್ಲೈಗೆ, ಹೇಳಿ ಮಾಡಿಸಿದ್ದು. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಇದು ಕೆಟ್ಟರೆ ಜೊತೆಗಿರುವವುಗಳನ್ನೂ ಕರೆದುಕೊಂಡು ಹೋಗಬಹುದು.

ಪೆಟ್ಟಿಗೆಯ ಮೇಲಿನ ‘80 ಪ್ಲಸ್ ಗೋಲ್ಡ್’ ಎಂಬ ಚೀಟಿ ಗುಣಮಟ್ಟದ ಮುದ್ರೆ ಎಂದು ಅನೇಕರ ನಂಬಿಕೆ. ಅದು ದಕ್ಷತೆಯ ಅಳತೆ ಮಾತ್ರ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ 85%, ಗೋಲ್ಡ್ 90% ಮುಟ್ಟಬೇಕು. ಒಳಗಿನ ಭಾಗಗಳು 300 ವ್ಯಾಟ್ ಬಳಸುವಾಗ ಬ್ರಾಂಜ್ ಗೋಡೆಯಿಂದ 353 ವ್ಯಾಟ್ ಎಳೆದರೆ ಗೋಲ್ಡ್ 333 ಎಳೆಯುತ್ತದೆ. ಅಂತರ ಒಂದು ಸಣ್ಣ ದೀಪದಷ್ಟು. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತನ್ನನ್ನು ತಾನು ಆರಿಸಿಕೊಳ್ಳುತ್ತದೆಯೇ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಅದಕ್ಕೆ ವಾರಂಟಿಯ ವರ್ಷ ನೋಡಿ. ಏಳರಿಂದ ಹತ್ತು ವರ್ಷ ಕೊಡುವ ತಯಾರಕ ತನ್ನ ಸರಕಿನ ಮೇಲೆ ಭರವಸೆ ಇಟ್ಟಿದ್ದಾನೆ ಎಂದೇ ಅರ್ಥ. ಜೊತೆಗೆ ಎಟಿಎಕ್ಸ್ 3.0 ಅಥವಾ 3.1 ಎಂದಿರಲಿ. ಗ್ರಾಫಿಕ್ಸ್ ಕಾರ್ಡ್‌ಗಳು ಅರೆಕ್ಷಣ ತಮ್ಮ ಮಾಮೂಲಿ ಬೇಡಿಕೆಗಿಂತ ಬಹಳ ಹೆಚ್ಚು ಎಳೆಯುತ್ತವೆ. ಅಂಥ ಹೊಡೆತ ತಾಳುವ ನಿಯಮ ಬಂದದ್ದು 2022ರ ಈ ಮಾನದಂಡದಲ್ಲಿ. ಪ್ರೊಸೆಸರ್ ಮತ್ತು ಕಾರ್ಡಿನ ವ್ಯಾಟ್ ಕೂಡಿಸಿ, ಉಳಿದುದಕ್ಕೆ ನೂರು ಸೇರಿಸಿ, ಒಟ್ಟು ಮೊತ್ತದ ಮೇಲೆ ಮೂರನೆಯ ಒಂದು ಪಾಲು ಹೆಚ್ಚಿಟ್ಟುಕೊಂಡರೆ ಸಾಕು.

ಕೇಬಲ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಳೆಯ ಪವರ್ ಸಪ್ಲೈ ತೆಗೆದು ಬೇರೆ ತಯಾರಕರ ಹೊಸತನ್ನು ಹಾಕುವಾಗ, ಹಾರ್ಡ್ ಡಿಸ್ಕ್‌ಗೆ ಹೋಗಿದ್ದ ಹಳೆಯ ಕೇಬಲ್ ಅಂದವಾಗಿ ಕೂತಿದೆಯಲ್ಲ ಎಂದು ಅದನ್ನೇ ಬಿಟ್ಟು, ತುದಿಯನ್ನು ಮಾತ್ರ ಹೊಸದಕ್ಕೆ ಚುಚ್ಚಿದೆ. ಸರಾಗವಾಗಿಯೇ ಕೂತಿತು. ಆನ್ ಮಾಡಿದಾಗ ಟಪ್ ಎಂಬ ಸಣ್ಣ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಆರು ವರ್ಷದ ಫೋಟೊಗಳಿದ್ದ ಡಿಸ್ಕ್ ಮುಗಿಯಿತು. ಡಿಸ್ಕ್ ಕಡೆಯ ತುದಿಗೆ ಮಾನದಂಡವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಆಕಾರ ಒಂದೇ ಇದ್ದರೂ ಯಾವ ಪಿನ್ನಿನಲ್ಲಿ 12 ವೋಲ್ಟ್ ಬರುತ್ತದೆಂಬುದು ತಯಾರಕರ ಇಷ್ಟ. ತಪ್ಪು ಪೂರ್ತಿ ನನ್ನದೇ. ಪವರ್ ಸಪ್ಲೈ ಬದಲಾದರೆ ಕೇಬಲ್‌ಗಳೂ ಬದಲಾಗಲೇಬೇಕು.

16 ಪಿನ್ನಿನ ಹೊಸ ಕನೆಕ್ಟರ್ ಇರುವ ಕಾರ್ಡ್ ಕೊಂಡವರು ಅದನ್ನು ಕೊನೆಯವರೆಗೂ ಒತ್ತಿ, ನಡುವೆ ಸಂದು ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಕರಗಿದ್ದು ಇದೇ ಜಾಗ.

ಕೂಲರ್ ಮತ್ತು ಕ್ಯಾಬಿನೆಟ್

ಗಾಳಿಯೋ ನೀರೋ ಎಂಬ ಚರ್ಚೆಯಲ್ಲಿ ನಾನು ಗಾಳಿಯ ಪಕ್ಷ. ದೊಡ್ಡ ಗೋಪುರದಂಥ ಏರ್ ಕೂಲರ್‌ನಲ್ಲಿ ಕೆಡಬಹುದಾದ ಭಾಗ ಫ್ಯಾನ್ ಒಂದೇ, ಅದನ್ನು ಬದಲಿಸಲು ಐದು ನಿಮಿಷ. ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ಹೋದರೆ ಇಡೀ ಕೂಲರೇ ಹೋದಂತೆ. 16, 24 ಕೋರ್‌ಗಳ ಪ್ರೊಸೆಸರನ್ನು ಗಂಟೆಗಟ್ಟಲೆ ದುಡಿಸುವವರಿಗೆ ನೀರು ಬೇಕಾಗಬಹುದು. ಯಾವುದೇ ಆಗಲಿ, ತಳದ ತಾಮ್ರಕ್ಕೆ ಅಂಟಿಸಿರುವ ಪಾರದರ್ಶಕ ಹಾಳೆಯನ್ನು ಕೀಳಲು ಮರೆಯಬೇಡಿ. ನಗಬೇಡಿ, ಮರೆಯುವವರು ಬಹಳ.

ಕ್ಯಾಬಿನೆಟ್‌ನಲ್ಲಿ ಮುಂಭಾಗ ಜಾಲರಿಯದಾಗಿರಲಿ. ಪೂರ್ತಿ ಗಾಜು ಹೊದ್ದು ಒಳಗೆ ಬಣ್ಣಬಣ್ಣದ ದೀಪ ಮಿನುಗುವುದನ್ನು ಕೊಂಡರೆ ಫ್ಯಾನ್‌ಗಳು ಗಾಳಿಗಾಗಿ ಗಾಜನ್ನು ಹೀರುತ್ತಾ ಸದ್ದು ಮಾಡುತ್ತವೆ.

ಭಾಗಗಳು ಬಂದ ಮೇಲೆ ಒಮ್ಮೆಗೇ ಕ್ಯಾಬಿನೆಟ್‌ಗೆ ತುಂಬಬೇಡಿ. ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಹಾಕಿ ಬಯಾಸ್ ಪರದೆ ಬರುವುದನ್ನು ನೋಡಿ. ಎಫ್ ಪ್ರೊಸೆಸರ್ ಆದರೆ ಗ್ರಾಫಿಕ್ಸ್ ಕಾರ್ಡೂ ಬೇಕು. ಎಲ್‌ಜಿಎ ಎಂದರೆ ಪಿನ್ನುಗಳು ಸಾಕೆಟ್‌ನಲ್ಲೇ ಇರುವ ಬಗೆ, ಆ ಸಾವಿರಾರು ಪಿನ್ನುಗಳು ತೀರಾ ಸೂಕ್ಷ್ಮ. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಮೇಲಿನಿಂದ ನೇರವಾಗಿ ಇಳಿಸಿ, ಒತ್ತಬೇಡಿ. ಲಿವರ್ ಕೆಳಗಿಳಿಸುವಾಗ ಕರಕರ ಎನ್ನುತ್ತದೆ, ಅದು ಸಹಜ. ಆಗ ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಹಾರಿ ಬೀಳುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕದೆ ಬೋರ್ಡಿನ ಪೆಟ್ಟಿಗೆಯಲ್ಲಿ ತೆಗೆದಿಡಿ. ವಾರಂಟಿಗೆ ಬೋರ್ಡ್ ಕಳಿಸುವ ದಿನ ಬಂದರೆ ತಯಾರಕರು ಆ ಮುಚ್ಚಳವನ್ನು ಕೇಳುತ್ತಾರೆ.